ಏಳನೆಯ ಚೀಟಿ

೧೯೮೫ರಲ್ಲಿ ನಾನು ವಾಡಿ ಹತ್ತಿರದ ಒಂದು ಸಿಮೆಂಟ್ ಕಾರ್ಖಾನೆಯ ಇ.ಡಿ.ಪಿ. ವಿಭಾಗದಲ್ಲಿ, ಅಂದರೆ ಕಂಪ್ಯೂಟರ್ ವಿಭಾಗದಲ್ಲಿ, ಪ್ರೊಬೇಷನರಿ ಪ್ರೋಗ್ರಾಮರ್ ಆಗಿದ್ದೆ. ಕಾರ್ಖಾನೆಯ ಹೆಸರು ಹೇಳುವುದಿಲ್ಲ. ತಪ್ಪು ಅದರದ್ದಲ್ಲ, ನನ್ನದು. ಆಗ ನನಗೆ ಇಪ್ಪತ್ತೈದು ವರ್ಷ. ಚಿತ್ತಾಪುರದಿಂದ ಬೆಳಗಿನ ಪ್ಯಾಸೆಂಜರ್ ರೈಲಿನಲ್ಲಿ ವಾಡಿಗೆ ಬಂದು, ಅಲ್ಲಿಂದ ಕಂಪನಿಯ ಬಸ್ಸು ಹಿಡಿಯುತ್ತಿದ್ದೆ. ಇಡೀ ಕಾರ್ಖಾನೆಯಲ್ಲಿ ಹೆಂಗಸರು ಮೂವರೇ: ಒಬ್ಬ ಟೈಪಿಸ್ಟ್, ಒಬ್ಬ ನರ್ಸ್, ನಾನು. ನನ್ನ ನಾಲಿಗೆ ಚೂಪು ಎಂದು ಮನೆಯಲ್ಲೂ ಹೆಸರಾಗಿತ್ತು. ಕೆಲಸ ಬರುತ್ತದೆ ಎಂಬ ಸೊಕ್ಕು ಬೇರೆ. ಪ್ರೊಬೇಷನ್ ಮುಗಿಯಲು ಎರಡು ತಿಂಗಳು ಬಾಕಿ ಇತ್ತು.

ಸಿಮೆಂಟಿನ ವಿದ್ಯೆ ಗೊತ್ತಿಲ್ಲದವರಿಗೆ ಸ್ವಲ್ಪ ವಿವರಿಸುತ್ತೇನೆ. ಕಾರ್ಖಾನೆಯ ಜೀವ ಇರುವುದು ಕಿಲ್ನ್‌ನಲ್ಲಿ. ಅದು ಅಡ್ಡ ಮಲಗಿಸಿದ ಉಕ್ಕಿನ ಭಾರೀ ಕೊಳವೆ. ಒಳಗೆ ಬೆಂಕಿ ಉರಿಯುತ್ತಿರುತ್ತದೆ, ಕೊಳವೆ ನಿಧಾನವಾಗಿ ತಿರುಗುತ್ತಲೇ ಇರುತ್ತದೆ. ಸುಣ್ಣದ ಕಲ್ಲಿನ ಪುಡಿ ಒಂದು ತುದಿಯಿಂದ ಒಳಹೋಗಿ, ಇನ್ನೊಂದು ತುದಿಯಲ್ಲಿ ಕೆಂಪಗೆ ಕಾದ ಕ್ಲಿಂಕರ್ ಉಂಡೆಗಳಾಗಿ ಕೂಲರ್ ಮೇಲೆ ಬೀಳುತ್ತದೆ. ಕೂಲರ್ ಎಂದರೆ ತೂತಿರುವ ಉಕ್ಕಿನ ಪ್ಲೇಟುಗಳ ಉದ್ದನೆಯ ಹಾಸು. ಕೆಳಗಿನಿಂದ ಫ್ಯಾನುಗಳು ಗಾಳಿ ಊದುತ್ತವೆ. ನಮ್ಮದರಲ್ಲಿ ಆರು ಭಾಗಗಳಿದ್ದವು. ಭಾಗಕ್ಕೊಂದು ಫ್ಯಾನ್, ಭಾಗಕ್ಕೊಂದು ತಾಪಮಾನದ ಅಂಕಿ. ಯಾವ ಭಾಗ ಬಿಸಿಯಾಯಿತೋ ಅದಕ್ಕೆ ಗಾಳಿ ಹೆಚ್ಚಿಸಬೇಕು. ತಡವಾದರೆ ಪ್ಲೇಟುಗಳು ಬಾಗಿ, ಕಿಲ್ನ್ ನಿಲ್ಲಿಸಬೇಕಾಗುತ್ತದೆ.

ಆ ಗಾಳಿಯನ್ನು ಸಂಭಾಳಿಸುತ್ತಿದ್ದವರು ಹಣಮಂತಪ್ಪ. ರಾವೂರದವರು. ಅಪ್ಪ ಅಲ್ಲಿನ ಗಣಿಯಲ್ಲಿ ಕಲ್ಲು ಒಡೆಯುತ್ತಿದ್ದರಂತೆ. ಇವರು ಕಲ್ಲಿದ್ದಲು ಎತ್ತಿ ಹಾಕುವ ಕೂಲಿಯಾಗಿ ಸೇರಿ, ಇಪ್ಪತ್ತೆಂಟು ವರ್ಷಗಳಲ್ಲಿ ಕಿಲ್ನ್ ಬರ್ನರ್ ಆಗಿದ್ದರು. ಬರ್ನರ್ ಎಂದರೆ ಕಿಲ್ನ್ ನಡೆಸುವ ಆಪರೇಟರ್. ನೀಲಿ ಗಾಜು ಹಿಡಿದು ಬೆಂಕಿಯ ಬಣ್ಣ ನೋಡಿದರೆ ಸಾಕು, ಒಳಗಿನ ಹದ ಹೇಳಿಬಿಡುತ್ತಿದ್ದರು. ನಿವೃತ್ತಿಗೆ ಹದಿನಾಲ್ಕು ತಿಂಗಳಿತ್ತು. ಎಲ್ಲರಿಗೂ ಅವರು ಹಣಮಂತ ಕಾಕಾ.

ಅದಕ್ಕೆ ನಾಲ್ಕು ವರ್ಷದ ಹಿಂದೆ ಕಂಟ್ರೋಲ್ ರೂಮಿಗೆ ಮಿನಿ ಕಂಪ್ಯೂಟರ್ ಬಂತು. ಅದರ ಜೊತೆ ಒಂದು ಟರ್ಮಿನಲ್. ಅಂದರೆ ಒಂದು ಪರದೆ, ಒಂದು ಕೀಲಿಮಣೆ, ಅಷ್ಟೇ. ಬುದ್ಧಿಯೆಲ್ಲ ಪಕ್ಕದ ಕೋಣೆಯಲ್ಲಿದ್ದ, ಹೆಸರಿಗೆ ಮಿನಿಯಾದರೂ ನಾವು ದೊಡ್ಡದೆನ್ನುತ್ತಿದ್ದ ಆ ಕಂಪ್ಯೂಟರ್‌ನದು. ಪರದೆಯ ಮೇಲಿನ ತಲೆಬರಹಗಳು ಇಂಗ್ಲಿಷಿನಲ್ಲಿದ್ದವು. ಕಾಕಾಗೆ ಅಂಕಿ ಬರುತ್ತಿತ್ತು, ಕನ್ನಡವನ್ನು ಅಕ್ಷರ ಕೂಡಿಸಿ ಓದುತ್ತಿದ್ದರು, ಇಂಗ್ಲಿಷ್ ಮಾತ್ರ ಒಂದಕ್ಷರವೂ ಇಲ್ಲ. ಅವರು ಯಾರನ್ನೂ ಕೇಳಲಿಲ್ಲ. ಬೀಡಿ ಕಟ್ಟಿನ ಕಾಗದವನ್ನು ಸಣ್ಣಗೆ ಕತ್ತರಿಸಿ, ಒಂದರಿಂದ ಆರರವರೆಗೆ ಕನ್ನಡದ ಅಂಕಿ ಬರೆದು, ಜೋಳದ ಹಿಟ್ಟಿನ ಅಂಟಿನಿಂದ ಪರದೆಯ ಗಾಜಿಗೆ ಹಚ್ಚಿಬಿಟ್ಟರು. ಕೂಲರ್ ಸಾಲಿನ ಆರು ಅಂಕಿಗಳ ನೆತ್ತಿಯ ಮೇಲೆ ಆರು ಚೀಟಿ. ಇಂಜಿನಿಯರುಗಳು ಮೊದಮೊದಲು ನಕ್ಕರಂತೆ. ಒಬ್ಬರು ಕಿತ್ತೂ ಹಾಕಿದರಂತೆ. ಮರುದಿನ ಚೀಟಿ ಮತ್ತೆ ಬಂದಿದ್ದವು.

ನಾನು ಮೊದಲ ಸಲ ಕಂಟ್ರೋಲ್ ರೂಮಿಗೆ ಹೋದಾಗ ಕಾಕಾ ನನ್ನನ್ನು ಮೇಲಿಂದ ಕೆಳಗೆ ನೋಡಿದರು.

“ಯಾರ ಮಗಳವಾ ನೀ?”

“ಚಿತ್ತಾಪುರದ ಮಾಸ್ತರ ಮಗಳರಿ.”

“ಈ ಟೀವಿ ಒಳಗ ಬರಿಯಾಕಿ ನೀನೇನು?”

“ಹೌದು ಕಾಕಾ.”

“ಭೇಷ್! ಕುಂದ್ರು ಅವ್ವಾ, ಚಹಾ ಕುಡಿ.”

ಅವತ್ತಿನಿಂದ ನಾನು ಅವರಿಗೆ ಅವ್ವ. ಅವರ ಮಗಳ ವಯಸ್ಸಿನವಳನ್ನು ಹಾಗೆ ಕರೆಯುವುದು ನಮ್ಮ ಕಡೆ ಹೊಸದಲ್ಲ. ಆದರೂ ಗಂಡಸರೇ ತುಂಬಿದ ಆ ಕಾರ್ಖಾನೆಯಲ್ಲಿ ಆ ಒಂದು ಮಾತಿನಿಂದ ನನಗೆ ಎಷ್ಟು ಧೈರ್ಯ ಬರುತ್ತಿತ್ತು ಎಂದು ಅವರಿಗೆ ಗೊತ್ತಿತ್ತೋ ಇಲ್ಲವೋ.

ಆ ವರ್ಷದ ದೀಪಾವಳಿಯ ಹೊತ್ತಿಗೆ ಕರೆಂಟಿನ ಹೊಡೆತಕ್ಕೆ ಟರ್ಮಿನಲ್ ಸುಟ್ಟುಹೋಯಿತು. ಹೊಸದು ಬೊಂಬಾಯಿಯಿಂದ ಬರಲು ನಾಲ್ಕು ತಿಂಗಳು ಎಂದರು. ನಮ್ಮ ವಿಭಾಗದ ಮುಖ್ಯಸ್ಥರಾದ ಕುಲಕರ್ಣಿಯವರು ಹೊಸದಾಗಿ ತರಿಸಿದ್ದ ಎರಡು ಪರ್ಸನಲ್ ಕಂಪ್ಯೂಟರುಗಳಲ್ಲಿ ಒಂದನ್ನು ತೋರಿಸಿ, “ಇದನ್ನ ಟರ್ಮಿನಲ್ ಮಾಡ್ಲಿಕ್ಕೆ ಆಗ್ತದೇನ್ರಿ?” ಎಂದರು. “ಯಾಕಾಗಲ್ಲ ಸರ್?” ಎಂದೆ. ಹಾಗೆ ಮಾಡುವ ಪ್ರೋಗ್ರಾಮಿಗೆ ಟರ್ಮಿನಲ್ ಎಮ್ಯುಲೇಟರ್ ಎನ್ನುತ್ತಾರೆ. ನಮ್ಮ ಓಣಿಗೆ ಬರುತ್ತಿದ್ದ ಹಗಲುವೇಷದವರ ಕೆಲಸವೇ ಇದೂ. ತಾನು ಟರ್ಮಿನಲ್ ಅಲ್ಲದಿದ್ದರೂ ದೊಡ್ಡ ಕಂಪ್ಯೂಟರ್‌ನ ಎದುರು ಥೇಟ್ ಟರ್ಮಿನಲ್ ಹಾಗೆಯೇ ನಡೆದುಕೊಳ್ಳಬೇಕು.

ದೊಡ್ಡ ಕಂಪ್ಯೂಟರ್ ಪರದೆಗೆ ಬರಿ ಅಕ್ಷರಗಳನ್ನಷ್ಟೇ ಕಳಿಸುವುದಿಲ್ಲ. ನಡುನಡುವೆ ಎಸ್ಕೇಪ್ ಕೋಡ್ ಎಂಬ ಗುಟ್ಟಿನ ಅಪ್ಪಣೆಗಳನ್ನೂ ಕಳಿಸುತ್ತದೆ. ಮೊದಲು ಇಪ್ಪತ್ತೇಳನೆಯ ಸಂಖ್ಯೆಯ ಒಂದು ಕಾಣದ ಅಕ್ಷರ, ಆಮೇಲೆ ಒಂದು ಚೌಕ ಕಂಸ, ಒಂದು ಅಂಕಿ, ಕೊನೆಗೆ ಒಂದು ಇಂಗ್ಲಿಷ್ ಅಕ್ಷರ. ಕೆಲವು ಅಪ್ಪಣೆ “ಇಂಥ ಸಾಲಿಗೆ ಹೋಗು”, “ಇದನ್ನು ಅಳಿಸು” ಎನ್ನುತ್ತವೆ. ‘ಎಮ್’ ಅಕ್ಷರದಿಂದ ಮುಗಿಯುವವು ಬರಹದ ರೂಪಕ್ಕೆ ಸಂಬಂಧಿಸಿದವು: ಒಂದು ಎಂದರೆ ದಪ್ಪಗೆ, ನಾಲ್ಕು ಎಂದರೆ ಕೆಳಗೆರೆ, ಏಳು ಎಂದರೆ ಬೆಳಕಿನ ಮೇಲೆ ಕಪ್ಪು ಅಕ್ಷರ, ಸೊನ್ನೆ ಎಂದರೆ ಇವೆಲ್ಲ ಸಾಕು, ಮೊದಲಿನಂತಾಗು.

ನಾನು ಮೊದಲ ಬಗೆಯವನ್ನೆಲ್ಲ ಎರಡು ವಾರದಲ್ಲಿ ಬರೆದು ಮುಗಿಸಿದೆ. ‘ಎಮ್’ ಕೋಡುಗಳನ್ನು ಬಿಟ್ಟೆ. ಅದೇನು, ಬರಿ ಶೃಂಗಾರ, ಆಮೇಲೆ ನೋಡಿದರಾಯಿತು ಎನಿಸಿತ್ತು. ಹಾಗಾಗಿ ಅವು ಬಂದಲ್ಲೆಲ್ಲ ಪರದೆಯ ಮೇಲೆ ಕಂಸ, ಅಂಕಿ, ‘ಎಮ್’ ಹಾಗೇ ಉದುರುತ್ತಿದ್ದವು.

“ಈ ಕಸ ಏನ್ರಿ ಸುಲೋಚನಾ ಬಾಯಿ?” ಎಂದರು ಕುಲಕರ್ಣಿಯವರು. “ನಾಳಿ ವರ್ಕ್ಸ್ ಮ್ಯಾನೇಜರ್ ನೋಡ್ಲಿಕ್ಕೆ ಬರ್ಲಿಕತ್ತಾರ.”

ನಾನು ಪ್ರೋಗ್ರಾಮಿಗೆ ಒಂದೇ ಒಂದು ಸಾಲು ಸೇರಿಸಿದೆ. ಗುರುತು ಸಿಗದ ಕೋಡ್ ಬಂದರೆ ಅದರ ಕಾಣುವ ಪ್ರತಿ ಅಕ್ಷರದ ಬದಲು ಒಂದು ಖಾಲಿ ಜಾಗ ಬಿಡು. ಕಸ ಮಾಯವಾಯಿತು. ಪರದೆ ತೊಳೆದಿಟ್ಟಂತೆ ಕಂಡಿತು. ಅದನ್ನು ಪೂರಾ ನುಂಗಿಬಿಡುವಂತೆ ಬರೆದಿದ್ದರೂ ಮುಂದಿನ ಅನಾಹುತ ಆಗುತ್ತಿರಲಿಲ್ಲ. ಅದಕ್ಕೆ ಹತ್ತು ಸಾಲು ಬರೆಯಬೇಕಿತ್ತು, ನನಗೆ ನಾಲ್ಕೂವರೆಯ ಬಸ್ಸು ಹಿಡಿಯುವ ಅವಸರ. ಮರುದಿನ ಮ್ಯಾನೇಜರ್ ಸಾಹೇಬರು ನೋಡಿ, “ವೆರಿ ಕ್ಲೀನ್” ಎಂದರು. ನಾನು ಉಬ್ಬಿಹೋದೆ. ಕಾಕಾ ಅದೇ ದಿನ ಹೊಸ ಪರದೆಗೂ ಆರು ಚೀಟಿ ಹಚ್ಚಿದರು.

ಒಂಬತ್ತು ದಿನ ಎಲ್ಲ ಸುಸೂತ್ರವಾಗಿ ನಡೆಯಿತು. ಹತ್ತನೆಯ ದಿನ, ಒಂದು ಸೋಮವಾರ ಮಧ್ಯಾಹ್ನ, ಕೂಲರ್‌ನಲ್ಲಿ ತಾಪಮಾನ ಮಿತಿ ದಾಟಿ ಅಲಾರಂ ಬಂತು. ಶಿಫ್ಟ್ ಇಂಜಿನಿಯರ್ ಕೆಳಗೆ ಮಿಲ್ ಹತ್ತಿರ ಇದ್ದರು. ಕಂಟ್ರೋಲ್ ರೂಮಿನಲ್ಲಿ ಕಾಕಾ ಒಬ್ಬರೇ. ಪರದೆ ನೋಡಿ, ನಾಲ್ಕನೆಯ ಭಾಗ ಬಿಸಿಯಾಗಿದೆ ಎಂದು ನಾಲ್ಕನೆಯ ಫ್ಯಾನ್ ಏರಿಸಿದರು. ಅದಕ್ಕೆ ಗಾಳಿ ಒದಗಿಸಲು ಪಕ್ಕದ ಮೂರನೆಯದನ್ನು ತುಸು ಇಳಿಸಿದರು. ಅಂಕಿ ಇಳಿಯಲಿಲ್ಲ. ಇನ್ನೂ ಏರಿಸಿದರು, ಇನ್ನೂ ಇಳಿಸಿದರು. ನಿಜಕ್ಕೂ ಕಾದಿದ್ದುದು ಮೂರನೆಯ ಭಾಗ. ನಲವತ್ತು ನಿಮಿಷದಲ್ಲಿ ಅದರ ಪ್ಲೇಟುಗಳು ಬಾಗಿಹೋದವು. ಪುಣ್ಯಕ್ಕೆ ಯಾರಿಗೂ ಪೆಟ್ಟಾಗಲಿಲ್ಲ. ಆದರೆ ಕಿಲ್ನ್ ಮೂರು ದಿನ ನಿಂತಿತು. ಸದಾ ಗುಂಯ್ ಎನ್ನುತ್ತಿದ್ದ ಕಾರ್ಖಾನೆ ಸುಮ್ಮನಾದರೆ ಕಿವಿಗೇ ಏನೋ ಆದಂತಿರುತ್ತದೆ.

ಬುಧವಾರ ಮ್ಯಾನೇಜರ್ ಕೋಣೆಯಲ್ಲಿ ವಿಚಾರಣೆ ನಡೆಯಿತು. ಮೇಜಿನ ಮೇಲೆ ಪ್ರಿಂಟರ್ ಕಾಗದವಿತ್ತು. ಪ್ರಿಂಟರ್‌ಗೆ ದೊಡ್ಡ ಕಂಪ್ಯೂಟರ್‌ನಿಂದ ಬೇರೆಯದೇ ತಂತಿ. ಕಾಗದದ ಮೇಲೆ ಸ್ಪಷ್ಟವಾಗಿ ಮೂರನೆಯ ಭಾಗ ಬಿಸಿ ಎಂದಿತ್ತು. ಕಾಕಾ ತಲೆಯ ರುಮಾಲು ತೆಗೆದು ಕೈಯಲ್ಲಿ ಹಿಡಿದು ನಿಂತಿದ್ದರು.

“ನಾ ನಾಕನೇ ಚೀಟಿ ಕೆಳಗ ಕಂಡೀನ್ರಿ ಸಾಹೇಬ್ರ. ಒಂದನೇದು ಖಾಲಿ ಇತ್ತು. ಅದರ ವಾಯರ್ ಯಾವಾಗಲೂ ಕಡೀತದ, ಅದಕ್ಕ ನಾ ಲಕ್ಷ್ಯ ಕೊಡಲಿಲ್ಲ. ಮತ್ತ ಏಳನೇ ಜಾಗಾದಾಗ ಒಂದ್ ಅಂಕಿ ನಿಂತಿತ್ರಿ.”

“ಕೂಲರ್‌ನಲ್ಲಿ ಇರೋದೇ ಆರು ಭಾಗ, ಏಳನೆಯದು ಎಲ್ಲಿಂದ ಬಂತು?” ಎಂದರು ಒಬ್ಬ ಇಂಜಿನಿಯರ್. ಯಾರೋ ಕಿಸಕ್ಕನೆ ನಕ್ಕರು. ಮ್ಯಾನೇಜರ್ ನಗಲಿಲ್ಲ. ನನ್ನ ಕಡೆ ತಿರುಗಿ, “ಪರದೆ ಒಂದು, ಪ್ರಿಂಟರ್ ಒಂದು ತೋರಿಸಲು ಸಾಧ್ಯವೇ?” ಎಂದು ಕೇಳಿದರು.

“ಸಾಧ್ಯವೇ ಇಲ್ಲ ಸರ್. ಎರಡಕ್ಕೂ ಹೋಗುವುದು ಒಂದೇ ಅಂಕಿ.”

ಒಂದು ಗಳಿಗೆಯೂ ಯೋಚಿಸದೆ ಹೇಳಿದೆ. ಕಾಕಾ ನನ್ನತ್ತ ನೋಡಿದರು. ಸಿಟ್ಟೇನೂ ಇರಲಿಲ್ಲ, ಬರಿ ನೋಡಿದರು. ಎಲ್ಲರೂ ಕಂಟ್ರೋಲ್ ರೂಮಿಗೆ ಹೋಗಿ ಪರದೆ ನೋಡಿದೆವು. ಕಿಲ್ನ್ ನಿಂತು ಎಲ್ಲ ತಣ್ಣಗಿದ್ದರಿಂದ ಆರೂ ಅಂಕಿಗಳು ಆರೂ ಚೀಟಿಗಳ ಕೆಳಗೆ ಬರೋಬರಿ ಕೂತಿದ್ದವು. ತೀರ್ಮಾನವಾಯಿತು: ಹಣಮಂತಪ್ಪನವರಿಗೆ ಪರದೆ ಓದಲು ಬರುವುದಿಲ್ಲ, ಕಣ್ಣೂ ಮಂಜಾಗಿರಬಹುದು. ಮುಂದಿನ ವಾರದ ಶನಿವಾರದೊಳಗೆ ತಪ್ಪೊಪ್ಪಿಗೆ ಬರೆದುಕೊಟ್ಟರೆ ಗೇಟಿನಲ್ಲಿ ಲಾರಿ ತೂಗುವ ತೂಕದ ಮನೆಗೆ ವರ್ಗ. ಕೊಡದಿದ್ದರೆ ಸಸ್ಪೆಂಡ್.

“ಅಡಕಿಗಿ ಹ್ವಾದ ಮಾನ ಆನಿ ಕೊಟ್ರೂ ಬರಂಗಿಲ್ರಿ,” ಎಂದರು ಕಾಕಾ. “ಕಂಡಿದ್ದನ್ನ ಕಂಡಿಲ್ಲ ಅಂತ ಹ್ಯಾಂಗ ಬರಕೊಡ್ಲಿ?”

ಮರುದಿನ ನಾನು ಕಂಟ್ರೋಲ್ ರೂಮಿಗೆ ಹೋದಾಗ ಅವರು ಕುರ್ಚಿಯಿಂದ ಎದ್ದು ನಿಂತರು. “ಬರ್ರಿ ಮೇಡಂ, ಕುಂದ್ರಿ,” ಎಂದರು. ಅವ್ವ ಹೋಗಿ ಮೇಡಂ ಬಂದಿದ್ದಳು. ಅದಕ್ಕಿಂತ ಒಂದು ಏಟು ಹೊಡೆದಿದ್ದರೆ ಚೆನ್ನಾಗಿತ್ತು. ಆಗ ನಾನೂ ಅವರ ಕಣ್ಣೇ ಮಂಜಾಗಿದೆ ಎಂದು ನಂಬಿದ್ದೆ. ಆದರೂ ಅಲ್ಲಿ ನಿಲ್ಲಲಾಗದೆ ಏನೋ ನೆಪ ಹೇಳಿ ಹೊರಬಂದೆ.

ಅಪಘಾತದ ಮೇಲೆ ಮ್ಯಾನೇಜರ್ ಒಂದು ಅಪ್ಪಣೆ ಮಾಡಿದ್ದರು. ಅಲಾರಂ ಬಂದ ಸಾಲು ಕಣ್ಣಿಗೆ ಹೊಡೆಯುವಂತೆ ಕಾಣಬೇಕು. ಸುಟ್ಟುಹೋದ ಟರ್ಮಿನಲ್‌ನಲ್ಲಿ ಹಾಗೆ ಕಾಣುತ್ತಿತ್ತಲ್ಲ, ಇದರಲ್ಲಿ ಏಕಿಲ್ಲ? ಹೀಗೆ, ಶೃಂಗಾರ ಎಂದು ನಾನು ಬಿಟ್ಟಿದ್ದ ‘ಎಮ್’ ಕೋಡುಗಳು ವಾಪಸ್ ನನ್ನ ಮೇಜಿಗೆ ಬಂದವು.

ಕೆಲಸ ಕಷ್ಟದ್ದಲ್ಲ, ಸೂಕ್ಷ್ಮದ್ದು. ಪರದೆಯಲ್ಲಿ ಇಪ್ಪತ್ತೈದು ಸಾಲು, ಸಾಲಿಗೆ ಎಂಬತ್ತು ಅಕ್ಷರ, ಒಟ್ಟು ಎರಡು ಸಾವಿರ. ಕಂಪ್ಯೂಟರ್‌ನ ನೆನಪಿನಲ್ಲಿ ಪ್ರತಿ ಅಕ್ಷರಕ್ಕೂ ಎರಡು ಮನೆ. ಒಂದರಲ್ಲಿ ಅಕ್ಷರ, ಪಕ್ಕದ್ದರಲ್ಲಿ ಅದು ಹೇಗೆ ಕಾಣಬೇಕೆಂಬ ಸೂಚನೆ. ಕೋಡ್ ಬಂದಾಗ ಅದನ್ನು ಪರದೆಗೆ ಬಿಡದೆ ಹಿಡಿದು, ಬಿಡಿಸಿ, ಮುಂದೆ ಬರುವ ಅಕ್ಷರಗಳ ಎರಡನೆಯ ಮನೆಯಲ್ಲಿ ಆ ಸೂಚನೆ ತುಂಬುತ್ತ ಹೋಗಬೇಕು. ಮೊದಲ ದಿನ ಸೊನ್ನೆಯ ಅಪ್ಪಣೆಯನ್ನೇ ಮರೆತಿದ್ದೆ. ಒಂದು ಸಾಲು ಬೆಳಗಿದ್ದು ಆರಲೇ ಇಲ್ಲ. ನೋಡನೋಡುತ್ತ ಇಡೀ ಪರದೆ ಸುಣ್ಣ ಬಳಿದ ಗೋಡೆಯಾಗಿ ನಿಂತಿತು. “ಏನ್ರಿ, ಲಗ್ನದ ಮನಿ ಮಾಡೀರಲ್ಲ!” ಎಂದು ಕುಲಕರ್ಣಿಯವರು ನಕ್ಕರು. ಅದನ್ನು ಸರಿಪಡಿಸಿದೆ. ಸೋಮವಾರ ದಪ್ಪ ಅಕ್ಷರ ಬಂತು, ಮಂಗಳವಾರ ಬೆಳಕಿನ ಮೇಲಿನ ಕಪ್ಪು ಅಕ್ಷರ.

ಬುಧವಾರ ಬೆಳಿಗ್ಗೆ ಹಳೆಯದಕ್ಕೂ ಹೊಸದಕ್ಕೂ ಇರುವ ಅಂತರ ಕುಲಕರ್ಣಿಯವರಿಗೆ ತೋರಿಸೋಣ ಎಂದು, ದೊಡ್ಡ ಕಂಪ್ಯೂಟರ್‌ನಿಂದ ಅಲಾರಂ ಬಂದಂಥ ಒಂದು ಸುಳ್ಳು ಕೂಲರ್ ಸಾಲು ಕಳಿಸಿದೆ. ಹೊಸ ಪ್ರೋಗ್ರಾಮಿನಲ್ಲಿ ಸಾಲು ಜಗ್ಗನೆ ಬೆಳಗಿತು, ಮೂರನೆಯ ಅಂಕಿ ಮೂರನೆಯ ಜಾಗದಲ್ಲೇ. ಆಮೇಲೆ ಹಳೆಯ ಪ್ರೋಗ್ರಾಮ್ ಇದ್ದ ಫ್ಲಾಪಿ ಹಾಕಿ ಅದೇ ಸಾಲು ಕಳಿಸಿದೆ.

ಒಂದನೆಯ ಜಾಗ ಖಾಲಿ. ಮೂರನೆಯ ಅಂಕಿ ನಾಲ್ಕನೆಯ ಜಾಗದಲ್ಲಿ. ಸಾಲಿನ ಕೊನೆಯಲ್ಲಿ, ಏನೂ ಇರಬಾರದ ಏಳನೆಯ ಜಾಗದಲ್ಲಿ, ಒಂದು ಅಂಕಿ.

ಲೆಕ್ಕ ಎಷ್ಟು ಸುಲಭವಿತ್ತು! ಅಲಾರಂ ಸಾಲಿನ ಮುಂದೆ ದೊಡ್ಡ ಕಂಪ್ಯೂಟರ್ ಎರಡು ಕೋಡ್ ಕಳಿಸುತ್ತಿತ್ತು, ದಪ್ಪಗೆ ಎಂದು ಒಂದು, ಬೆಳಗು ಎಂದು ಒಂದು. ಕಾಣುವ ಅಕ್ಷರಗಳು ಒಂದೊಂದರಲ್ಲಿ ಮೂರು. ನಾನು ಅವುಗಳ ಬದಲು ಖಾಲಿ ಜಾಗ ಬಿಟ್ಟಿದ್ದೆ, ಮೂರೂ ಮೂರೂ ಆರು. ಪ್ರತಿ ಅಂಕಿಯ ಅಂಕಣದ ಅಗಲವೂ ಸರಿಯಾಗಿ ಆರು. ಅಲಾರಂ ಇಲ್ಲದಾಗ ಎಲ್ಲ ಸರಿ. ಅಲಾರಂ ಬಂತೋ, ಇಡೀ ಸಾಲು ಒಂದು ಮನೆ ಬಲಕ್ಕೆ. ಕಸ ಹಾಗೇ ಉದುರಿದ್ದರೆ ಕಾಕಾ ಅದನ್ನು ನೋಡಿ ಏನೋ ಕೆಟ್ಟಿದೆ ಎಂದು ಯಾರನ್ನಾದರೂ ಕರೆಯುತ್ತಿದ್ದರು. ನಾನು ಅದನ್ನು ಗುಡಿಸಿ ಚೊಕ್ಕಟ ಮಾಡಿದ್ದೆ. ಆ ಮನುಷ್ಯ ಕಂಡದ್ದನ್ನೇ ಹೇಳಿದ್ದರು. ಖಾಲಿ ಒಂದು, ಬಿಸಿಯಾದ ನಾಲ್ಕು, ನಿಂತಿದ್ದ ಏಳು, ಮೂರೂ ಖರೆ.

ಕುಲಕರ್ಣಿಯವರಿಗೆ ತೋರಿಸಿದೆ. ಅವರು ಕನ್ನಡಕ ತೆಗೆದು ಒರೆಸಿದರು, ಹಾಕಿಕೊಂಡರು, ಮತ್ತೆ ತೆಗೆದರು.

“ಹೊಸಾದು ಬರೋಬರಿ ಅದ ಅಲ್ಲ? ಅದನ್ನ ಹಾಕಿಬಿಡ್ರಿ. ಹಳೇ ಫ್ಲಾಪಿ ಅಳಿಸ್ರಿ,” ಎಂದರು ಮೆಲ್ಲಗೆ. “ಹಣಮಂತಪ್ಪಗ ತೂಕದ ಮನ್ಯಾಗ ಪಗಾರ ಏನ್ ಕಡಿಮಿ ಆಗಂಗಿಲ್ಲ. ನಿಮ್ಮ ಪ್ರೊಬೇಷನ್ ಇನ್ನೂ ಮುಗದಿಲ್ರಿ, ಬಾಯಿ.”

ಅವರು ಕೆಟ್ಟವರಲ್ಲ. ನನ್ನ ಒಳ್ಳೆಯದಕ್ಕೇ ಹೇಳಿದ್ದರು. ನನಗೂ ಆ ಮಾತು ಹಿತವಾಗಿ ಕಂಡಿತ್ತು, ಸುಳ್ಳೇಕೆ ಹೇಳಲಿ. ಹೊಸ ಪ್ರೋಗ್ರಾಮನ್ನು ಅವತ್ತೇ ಕಂಟ್ರೋಲ್ ರೂಮಿನಲ್ಲಿ ಹಾಕಿ, ಹಳೆಯ ಫ್ಲಾಪಿಯನ್ನು ಅವರ ಕೈಗೇ ಕೊಟ್ಟೆ. ಅವತ್ತು ಚಿತ್ತಾಪುರದ ರೈಲಿನಲ್ಲಿ ಕುಳಿತು ಒಂದು ಮಾತನ್ನು ನೂರು ಸಲ ಜಪಿಸಿದೆ: ಪಗಾರ ಕಡಿಮೆ ಆಗುವುದಿಲ್ಲ, ಪಗಾರ ಕಡಿಮೆ ಆಗುವುದಿಲ್ಲ. ಮನೆಯಲ್ಲಿ ತಟ್ಟೆ ಮುಂದೆ ಸುಮ್ಮನೆ ಕೂತವಳನ್ನು ನೋಡಿ ನಮ್ಮವ್ವ, “ಯಾಕ, ಯಾರಿಗರ ಏನರ ಅಂದು ಬಂದೀಯೇನು?” ಎಂದಳು. ನನ್ನ ನಾಲಿಗೆಯ ಪರಿಚಯ ಅವಳಿಗಿತ್ತು. “ಹೂಂ,” ಎಂದೆ. “ಹಂಗಾದ್ರ ಹೋಗಿ ತಪ್ಪಾತು ಅಂದು ಬಾ. ರೊಟ್ಟಿ ತಣ್ಣಗಾಗ್ಲಿಕತ್ತಾವ,” ಎಂದಳು. ಅವಳಿಗೆ ಅದು ಅಷ್ಟೇ ಸುಲಭ.

ಎರಡು ದಿನ ಹಾಗೇ ತಳ್ಳಿ, ಶುಕ್ರವಾರ ಅರ್ಧ ದಿನ ರಜೆ ಹಾಕಿ ರಾವೂರಕ್ಕೆ ಹೋದೆ. ಗಣಿಯ ದೂಳು ಕೂತ ಓಣಿ. ಕಾಕಾನ ಮನೆಯ ನೆಲಕ್ಕೂ ಛಾವಣಿಗೂ ಅದೇ ಊರಿನ ಫರಸಿ ಕಲ್ಲು. ಕಾಕಾ ಕಟ್ಟೆಯ ಮೇಲೆ ಕೂತು ಒಂದು ಕಾಗದ ನೋಡುತ್ತಿದ್ದರು. ನನ್ನನ್ನು ಕಂಡು ಎದ್ದರು.

“ಬರ್ರಿ ಮೇಡಂ.”

ಕಾಕಾನ ಹೆಂಡತಿ ಗುರುಬಾಯಿ ಚಾಪೆ ಹಾಸಿ, ಚರಿಗೆಯಲ್ಲಿ ನೀರು ತಂದಿಟ್ಟು, ಸೆರಗು ಸರಿಮಾಡಿಕೊಂಡು ಬಾಗಿಲಲ್ಲಿ ನಿಂತರು. “ಬಾಯಾರ, ನಿಮಗರ ಹೇಳತಾರೇನ ಕೇಳ್ರಿ. ಒಂದ್ ವಾರ ಆತು, ಸರಿಯಾಗಿ ಉಂಡಿಲ್ಲ. ಶಹಾಬಾದಿಗಿ ಹೋಗಿ ಕಣ್ಣ ತೋರ್ಸಿ ಬಂದಾರ. ಡಾಕ್ಟರ್ ಏನಿಲ್ಲ ಅಂದ್ರೂ ನಂಬವಲ್ಲರು.”

ಅವರ ಕೈಯಲ್ಲಿದ್ದದ್ದು ತಪ್ಪೊಪ್ಪಿಗೆಯ ಕಾಗದ. ಯೂನಿಯನ್ನಿನವರು ಬರೆದುಕೊಟ್ಟಿದ್ದರಂತೆ, ಸಹಿಯೊಂದೇ ಬಾಕಿ.

“ಸಹಿ ಮಾಡಬ್ಯಾಡ್ರಿ ಕಾಕಾ,” ಎಂದೆ. “ತಪ್ಪು ನಿಮ್ಮದಲ್ಲ, ನಂದು. ಅಲಾರಂ ಬಂದಾಗ ನನ್ನ ಹಳೇ ಪ್ರೋಗ್ರಾಮ್ ಎಲ್ಲಾ ಅಂಕಿನ ಒಂದೊಂದ್ ಮನಿ ಆಚಿ ಸರಸ್ತದ. ನಾ ಮೊನ್ನೆ ಕಂಡೆ. ಮೂರನೇದು ನಾಕನೇ ಚೀಟಿ ಕೆಳಗ ಬರ್ತದ.”

ಕಾಕಾ ಕಾಗದವನ್ನು ಮಡಚಿ ಪಕ್ಕಕ್ಕಿಟ್ಟರು. ಆಮೇಲೆ ಕೇಳಿದ್ದು ಒಂದೇ.

“ಏಳನೇ ಜಾಗಾದಾಗ ಅಂಕಿ ನಿಂತಿತ್ತೇನು?”

“ನಿಂತಿತ್ತು ಕಾಕಾ. ನೀವು ಹೇಳಿದಂಗೇ.”

ಅವರು ರುಮಾಲಿನಿಂದ ಮುಖ ಮುಚ್ಚಿಕೊಂಡರು. ಭುಜ ಅಲುಗುತ್ತಿತ್ತು. ಇಪ್ಪತ್ತೆಂಟು ವರ್ಷ ಬೆಂಕಿಯ ಮುಂದೆ ನಿಂತವರು ಹಾಗೆ ಅಳುವುದನ್ನು ನಾನು ನೋಡಬಾರದಿತ್ತು, ನೋಡಲೂಬೇಕಿತ್ತು. ನನಗೂ ಅಳು ತಡೆಯಲಾಗಲಿಲ್ಲ.

“ಅಷ್ಟ ಸಾಕವಾ,” ಎಂದರು ಕೊನೆಗೆ. “ತೂಕದ ಮನಿಗಿ ಹಾಕಿದ್ರ ಹಾಕ್ಲಿ. ನನ್ನ ಕಣ್ಣಿನ ಮ್ಯಾಲ ನನಗೇ ನಂಬಿಕಿ ಹೋಗಿತ್ತು. ನಾನೇ ಏನರ ಕನಸ ಕಂಡೀನೋ, ತಲಿ ಕೆಟ್ಟದೋ ಅಂತ ಹಗಲೆಲ್ಲಾ ಅದೇ ಚಿಂತಿ. ನೀ ಬಂದು ಹೇಳಿದೆಲ್ಲ, ಮುಗೀತು. ಸಾಹೇಬ್ರ ಮುಂದ ಹೇಳಬ್ಯಾಡ. ನಿನ್ನ ನೌಕರಿ ಹೋಗ್ತದ.”

“ಅದು ನನಗ ಬಿಡ್ರಿ,” ಎಂದೆ. ಮಾತು ಗಟ್ಟಿಯಾಗಿತ್ತು, ಮನಸ್ಸು ಅಷ್ಟು ಗಟ್ಟಿಯಿರಲಿಲ್ಲ. ಗುರುಬಾಯಿ ಬುತ್ತಿಗೆ ನಾಲ್ಕು ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಟ್ಟರು. ಬೇಡ ಎಂದರೆ ಕೇಳಲಿಲ್ಲ.

ಶನಿವಾರ ಹತ್ತು ಗಂಟೆಗೆ ಮ್ಯಾನೇಜರ್ ಸಾಹೇಬರನ್ನು, ವಿಚಾರಣೆಯಲ್ಲಿ ಇದ್ದವರನ್ನೆಲ್ಲ ಕಂಟ್ರೋಲ್ ರೂಮಿಗೆ ಕರೆದೆ. ಕುಲಕರ್ಣಿಯವರು ನನ್ನ ಮುಖ ನೋಡಿ ಹಳೆಯ ಫ್ಲಾಪಿಯನ್ನು ತಾವೇ ತಂದುಕೊಟ್ಟರು. ಅವರು ಅದನ್ನು ಅಳಿಸದೆ ತಮ್ಮ ಡ್ರಾಯರಿನಲ್ಲಿ ಇಟ್ಟಿದ್ದರು. ಅದಕ್ಕಾಗಿ ನಾನು ಇವತ್ತಿಗೂ ಅವರಿಗೆ ಋಣಿ.

ಕಾಕಾನನ್ನು ಅವರ ಕುರ್ಚಿಯಲ್ಲೇ ಕೂರಿಸಿದೆ. ಹಳೆಯ ಫ್ಲಾಪಿ ಹಾಕಿ ಅಲಾರಂ ಸಾಲು ಕಳಿಸಿದೆ. ಅಂಕಿಗಳು ಚೀಟಿಗಳ ಕೆಳಗಿಂದ ಒಂದೊಂದು ಮನೆ ಸರಿದು ನಿಂತವು. ಕಾಕಾ ಎದ್ದು, ಯಾರನ್ನೂ ನೋಡದೆ, ಪರದೆಯ ಖಾಲಿ ಗಾಜಿನ ಮೇಲೆ ಬೆರಳಿಟ್ಟರು.

“ಇದೇ ಜಾಗ್ರಿ ಸಾಹೇಬ್ರ. ಏಳನೇದು.”

ಈ ಸಲ ಯಾರೂ ನಗಲಿಲ್ಲ. ಅವತ್ತು ನಕ್ಕವರು ತಮ್ಮ ಬೂಟು ನೋಡುತ್ತಿದ್ದರು. ನಾನು ಮ್ಯಾನೇಜರ್‌ಗೆ ಹೇಳಿದೆ: “ಸಾಧ್ಯವೇ ಇಲ್ಲ ಎಂದು ನಿಮಗೆ ಹೇಳಿದವಳು ನಾನು. ಪರೀಕ್ಷೆ ಮಾಡದೆ ಹೇಳಿದೆ. ಅಲಾರಂ ಕೋಡುಗಳನ್ನು ಬರೆಯದೆ, ಅವು ಇದ್ದ ಜಾಗವನ್ನು ಖಾಲಿ ಮಾಡಿ ಮುಚ್ಚಿದವಳೂ ನಾನೇ.” ಅವರು ಇನ್ನೊಮ್ಮೆ ತೋರಿಸಲು ಹೇಳಿದರು. ಹಳೆಯದು, ಹೊಸದು, ಮತ್ತೆ ಹಳೆಯದು. ಆಮೇಲೆ ಕಾಕಾನ ಮುಂದೆ ನಿಂತು ಹಿಂದಿಯಲ್ಲಿ ಕ್ಷಮೆ ಕೇಳಿ, ಆ ತಪ್ಪೊಪ್ಪಿಗೆಯ ಕಾಗದವನ್ನು ಕೇಳಿ ಪಡೆದು ನಾಲ್ಕು ಚೂರು ಮಾಡಿದರು. ನನಗೆ ಪ್ರೊಬೇಷನ್ ಆರು ತಿಂಗಳು ಮುಂದಕ್ಕೆ ಹೋಯಿತು. ನೌಕರಿ ಉಳಿಯಿತಲ್ಲ ಎಂದು ನಾನು ಅಂದುಕೊಂಡರೆ, ಕಾಕಾ ಮಾತ್ರ ಆ ಆರು ತಿಂಗಳೂ ಸಿಕ್ಕ ಸಿಕ್ಕ ಇಂಜಿನಿಯರನ್ನು ಹಿಡಿದು, “ಈ ಹುಡುಗಿಗಿ ಯಾಕ್ರಿ ಶಿಕ್ಷಾ? ಖರೆ ಹೇಳಿದ್ದಕ್ಕೇನು?” ಎಂದು ಜಗಳ ತೆಗೆಯುತ್ತಿದ್ದರು.

ಸೋಮವಾರ ಹೊಸ ಪ್ರೋಗ್ರಾಮನ್ನು ಇನ್ನೊಮ್ಮೆ ತಿದ್ದಿ ಹಾಕಿದೆ. ಗುರುತು ಸಿಗದ ಕೋಡ್ ಬಂದರೆ ಪರದೆಯ ಕೊನೆಯ ಸಾಲಿನಲ್ಲಿ ಒಂದು ದಪ್ಪ ಬೆಳಕಿನ ಚೌಕ ಮೂಡುವಂತೆ ಈ ಸಲ ಬರೆದಿದ್ದೆ. ನೋಡಲು ಚೆಂದವಿಲ್ಲ, ಆದರೆ ನನಗೆ ಗೊತ್ತಿಲ್ಲದ್ದು ನನಗೆ ಗೊತ್ತಿಲ್ಲ ಎಂದೇ ಕಾಣುತ್ತಿತ್ತು. ಕಾಕಾ ಎಲ್ಲ ಕೇಳಿಸಿಕೊಂಡು, “ಮಸ್ತ್ ಆತವ್ವಾ. ಆದ್ರೂ ನಂದೊಂದು ಇರ್ಲಿ,” ಎಂದು ಅಂಗಿಯ ಜೇಬಿನಿಂದ ಬೀಡಿ ಕಟ್ಟಿನ ಕಾಗದ ತೆಗೆದರು. ಅಂಟು ಹಚ್ಚಿ ಏಳನೆಯ ಜಾಗದ ಮೇಲೆ ಒತ್ತಿದರು. ಆರು ಚೀಟಿಗಳಿಗಿಂತ ಅದು ಉದ್ದವಾಗಿತ್ತು. ಅಕ್ಷರ ಕೂಡಿಸಿ ಕೂಡಿಸಿ ಎರಡು ಸಾಲು ಬರೆದಿದ್ದರು. ನಾನು ಓದಿ, ನಕ್ಕು, ಇದೆಲ್ಲ ಯಾಕೆ ಕಾಕಾ ಎಂದೆ. “ನಾ ಹೋದ ಮ್ಯಾಲ ಬರಾಂವಗ ಗೊತ್ತಾಗಬೇಕಲ್ಲ,” ಎಂದರು.

ಆಮೇಲೆ ಮೂವತ್ತು ವರ್ಷ ಇದೇ ವೃತ್ತಿಯಲ್ಲಿದ್ದೆ. ಪ್ರೋಗ್ರಾಮರ್‌ಗೆ ಬರದೇ ಇದ್ದದ್ದು ದೊಡ್ಡ ತಪ್ಪಲ್ಲ, ಬರದೇ ಇದ್ದದ್ದನ್ನು ಚೊಕ್ಕಟ ಮಾಡಿ ಮುಚ್ಚಿಡುವುದು ತಪ್ಪು. ಇನ್ನೊಂದೂ ಇದೆ. ಯಂತ್ರ ಒಂದು ಹೇಳಿ ಅದರ ಮುಂದೆ ಕೂತ ಮನುಷ್ಯ ಇನ್ನೊಂದು ಹೇಳಿದರೆ, ಮೊದಲು ಆ ಮನುಷ್ಯನ ಕುರ್ಚಿಯಲ್ಲಿ ಕೂತು ನೋಡಬೇಕು. ನನಗೆ ಇದನ್ನು ಕಲಿಸಿದ್ದು ರಾವೂರದ ಕಟ್ಟೆಯೇ ಹೊರತು ಯಾವ ಕಾಲೇಜೂ ಅಲ್ಲ.

೧೯೮೭ರ ಜನವರಿಯಲ್ಲಿ ಕಾಕಾ ನಿವೃತ್ತರಾದರು. ಅವರ ಜಾಗಕ್ಕೆ ಸೇಡಂ ಕಡೆಯ, ಐ.ಟಿ.ಐ. ಓದಿದ ಆಪರೇಟರ್ ಒಬ್ಬರು ಬಂದರು. ಇಂಗ್ಲಿಷ್ ಚೆನ್ನಾಗಿ ಓದುತ್ತಿದ್ದರು. ಚೀಟಿಗಳನ್ನು ಮಾತ್ರ ಕೀಳಲಿಲ್ಲ. ಬೊಂಬಾಯಿಯ ಟರ್ಮಿನಲ್ ಇನ್ನೂ ಬಂದಿರಲಿಲ್ಲ, ಅದೇ ಪರದೆ ನಡೆಯುತ್ತಿತ್ತು. ಬೇಸಿಗೆಯ ಒಂದು ಮಧ್ಯಾಹ್ನ ನನ್ನ ಮೇಜಿನ ಫೋನ್ ಬಡಿದುಕೊಂಡಿತು.

“ಮೇಡಂ, ಕೂಲರ್ ಅಲಾರಂ ಬಂದದ್ರಿ, ಸಾಲು ಬೆಳಗ್ಯದ. ಆದ್ರ ಏಳನೇ ಜಾಗಾದಾಗ ಅಂಕಿ ನಿಂತದ. ನಾ ಯಾವ ಫ್ಯಾನೂ ಮುಟ್ಟಿಲ್ರಿ, ಪ್ರಿಂಟರ್ ನೋಡ್ಲಿಕ್ಕೆ ಮಂದಿ ಕಳ್ಸೀನಿ.”

ಕೇಬಲ್ ಪಕ್ಕದಲ್ಲಿ ಯಾರೋ ವೆಲ್ಡಿಂಗ್ ನಡೆಸಿದ್ದರು, ಸಾಲಿನೊಳಗೆ ಕಸದ ಅಕ್ಷರ ನುಗ್ಗಿ ಅಂಕಿಗಳನ್ನು ಬಲಕ್ಕೆ ತಳ್ಳಿತ್ತು ಎಂದು ನನಗೆ ಗೊತ್ತಾದದ್ದು ಆಮೇಲೆ. ಪ್ಲೇಟುಗಳು ಉಳಿದವು. ಆ ಗಳಿಗೆಯಲ್ಲಿ ನಾನು ಕೇಳಿದ್ದು ಇಷ್ಟೇ: “ಭಾಳ ಚಲೋ ಮಾಡೀರಿ. ನಿಮಗ ಹ್ಯಾಂಗ ಗೊತ್ತಾತು?”

“ಚೀಟಿ ಮ್ಯಾಲ ಬರದದಲ್ರಿ. ‘ಇಲ್ಲಿ ಅಂಕಿ ಬಂದ್ರ ನಂಬಬ್ಯಾಡ್ರಿ. ಅವ್ವಗ ಕರೀರಿ.’ ಅವ್ವ ಅಂದ್ರ ಯಾರು ಅಂತ ಇಲ್ಲಿ ಕೇಳ್ದೆ. ಎಲ್ಲಾರೂ ನಿಮ್ಮ ನಂಬರೇ ಕೊಟ್ರು.” ಅವರು ಸ್ವಲ್ಪ ಅನುಮಾನಿಸಿದರು. “ನೀವೇ ಹೌದೇನ್ರಿ?”

ಆಗ ನನಗೆ ಇಪ್ಪತ್ತೇಳು. ಆತನಿಗೆ ನನಗಿಂತ ಎರಡು ವರ್ಷ ಹೆಚ್ಚೇ ಇರಬೇಕು.

“ಹೂಂ, ನಾನೇ ಅವ್ವ,” ಎಂದೆ. “ಏನೂ ಮುಟ್ಟಬ್ಯಾಡ್ರಿ, ಬಂದೆ.”